ಸಾಯನ್ಸಿಗೆ ಕೆನೆಮೊಸರು, ಆರ್ಟ್ಸಿಗೆ ಮಜ್ಜಿಗೆ

ಟಿಕೋಟಾದ ನಮ್ಮ ಮನೆಯಲ್ಲಿ ದೇವರ ಜಗಲಿಗಿಂತ ಒಂದು ಗೇಣು ಎತ್ತರದಲ್ಲಿದ್ದದ್ದು ದೊಡ್ಡಪ್ಪನವರ ಗಾದಿ. ಪಡಸಾಲೆಯ ಎರಡು ಕಂಬಗಳ ನಡುವೆ, ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ನೇರ ಇಳಿಯುವ ಜಾಗದಲ್ಲಿ ಅದನ್ನು ಹಾಸಿರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರ ತಲೆಯ ಸುತ್ತ ಒಂದು ಪ್ರಭೆ ಮೂಡುತ್ತಿತ್ತು. ಅದರಲ್ಲಿ ಜೋಳದ ಹೊಟ್ಟಿನ ಧೂಳು ಕುಣಿಯುತ್ತಿತ್ತು. ಆ ಪ್ರಭೆಯ ಕೆಳಗೆ ಲೋಡಿಗೆ ಒರಗಿ ಅವರು ಊರ ಮಕ್ಕಳ ಭವಿಷ್ಯವನ್ನು ತೀರ್ಮಾನಿಸುತ್ತಿದ್ದರು. ಈ ಅಧಿಕಾರ ಅವರಿಗೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಹರೆಯದಲ್ಲಿ ಅವರು ವಿಜಯಪುರಕ್ಕೆ ಹೋಗಿ ಪಿಯುಸಿ ಸಾಯನ್ಸ್ ಸೇರಿದ್ದರು, ಎರಡು ಸಲ ಫೇಲಾಗಿದ್ದರು, ಮೂರನೆಯ ಸಲ ಪರೀಕ್ಷೆಯ ದಿನ ಬೀಗರ ಮನೆಯ ಹೋಳಿಗೆ ಊಟಕ್ಕೆ ಹೋಗಿದ್ದರು. ಇಷ್ಟು ಅನುಭವ ಇದ್ದವರನ್ನು ನಮ್ಮ ಕಡೆ ತಿಳಿದವರು ಎನ್ನುತ್ತಾರೆ. ಪಾಸಾದವನಿಗೆ ಏನು ಗೊತ್ತಿರುತ್ತದೆ? ಅವನು ಆ ದಾರಿಯಲ್ಲಿ ಒಂದೇ ಸಲ ನಡೆದವನು.

ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿದು ಬಿಸಿಲು ನೆತ್ತಿ ಸುಡುವ ದಿನಗಳಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಹೊನವಾಡದಿಂದ, ಕನಮಡಿಯಿಂದ, ಸುತ್ತಲಿನ ವಸ್ತಿಗಳಿಂದ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ಟವೆಲಿನ ಗಂಟಿನಲ್ಲಿ ಒಣದ್ರಾಕ್ಷಿಯನ್ನೋ ಹಸಿ ಶೇಂಗಾವನ್ನೋ ತರುತ್ತಿದ್ದರು. ದೊಡ್ಡಪ್ಪನವರು ಮೊದಲು ಗಂಟನ್ನು ನೋಡುತ್ತಿದ್ದರು, ಆಮೇಲೆ ಅಪ್ಪನನ್ನು. ಮಗನನ್ನು ನೋಡುವ ಅಗತ್ಯ ಅವರಿಗೆ ಬೀಳುತ್ತಿರಲಿಲ್ಲ. ಎತ್ತಿನ ಸಂತೆಗೆ ಹೋದರೆ ಇದೇ ಮನುಷ್ಯ ಒಂದೊಂದು ಹೋರಿಯ ಬಾಯಿ ತೆರೆಸಿ, ಹಲ್ಲು ಎಣಿಸಿ, ಬೆನ್ನು ಚಪ್ಪರಿಸಿ, ನಡೆಸಿ ನೋಡಿ, ಒಂದು ಹೊತ್ತು ಕಳೆದು ‘ನಾಳೆ ಹೇಳತೇನಿ’ ಎಂದು ಎದ್ದು ಬರುತ್ತಿದ್ದರು. ಮಕ್ಕಳ ವಿಷಯದಲ್ಲಿ ಅಷ್ಟು ಗಲಿಬಿಲಿ ಇರಲಿಲ್ಲ. ಕನಮಡಿಯ ಒಬ್ಬ ಕುರಿಗಾರ ಬಂದದ್ದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಚಹಾ ಕೊಡಲು ನಾನೇ ಹೊರಗೆ ಬಂದಿದ್ದೆ.

‘ಹುಡುಗ ಹತ್ತನೇತ್ತಾ ಬರದಾನ್ರಿ ಯಪ್ಪಾ. ಮುಂದ ಏನ್ ಹಚ್ಚೂಣ್ರಿ?’

‘ಎಷ್ಟನೇ ಮಗಾ?’

‘ಎರಡನೇದಂವ್ರಿ.’

‘ಮದಲನೇದಂವ ಏನ್ ಮಾಡತಾನ?’

‘ಕುರಿ ಕಾಯತಾನ್ರಿ.’

‘ಹಂಗಾರ ಇವನ್ನ ಮಾಸ್ತರ ಮಾಡು. ಮನ್ಯಾಗ ಒಬ್ಬ ಕುರಿ ಕಾಯಬೇಕು, ಒಬ್ಬ ಮಕ್ಕಳನ್ನ ಕಾಯಬೇಕು. ಎರಡೂ ಒಂದ ಕೆಲಸ, ಪಗಾರ ಅಷ್ಟ ಬ್ಯಾರೆ.’

ಹುಡುಗ ಬಾಯಿ ತೆರೆದು ‘ನಂಗ...’ ಎಂದ. ಅವನ ಅಪ್ಪ ‘ಸುಮ್ನಿರಲೇ, ಹಿರ್ಯಾರು ಮಾತಾಡಾಕತ್ತಾರ’ ಎಂದ. ಆ ‘ನಂಗ’ದ ಮುಂದೆ ಏನಿತ್ತೋ ಈವರೆಗೆ ಲೋಕಕ್ಕೆ ತಿಳಿದಿಲ್ಲ. ದೊಡ್ಡಪ್ಪನವರ ಶಾಸ್ತ್ರ ಅಷ್ಟು ಸರಳವಾಗಿತ್ತು: ಹಿರಿಯವನಿಗೆ ಹೊಲ, ಎರಡನೆಯವನಿಗೆ ಪಗಾರ, ಮೂರನೆಯವನಿಗೆ ಐಟಿಐ, ಅದರ ಆಚೆಯವರಿಗೆ ಶಿವನೇ ಗತಿ. ಮನುಷ್ಯ ಏನಾಗಬೇಕೆಂಬುದು ಅವನು ಹುಟ್ಟಿದ ಸರದಿಯಲ್ಲೇ ತೀರ್ಮಾನವಾಗಿರುತ್ತದೆ. ತಲೆ ಎಂಬುದು ಟೊಪ್ಪಿಗೆ ಇಡಲು ದೇವರು ಮಾಡಿದ ಅನುಕೂಲ.

ಇದನ್ನು ಹಳೆಯ ಕಾಲದ ಅಜ್ಞಾನ ಎಂದು ನಗುವವರಿದ್ದರೆ ತಡೆಯಿರಿ. ಮೊನ್ನೆ ತಮ್ಮನ ಮಗಳ ಜೊತೆ ವಿಜಯಪುರದಲ್ಲಿ ಒಂದು ಮಾರ್ಗದರ್ಶನ ಶಿಬಿರಕ್ಕೆ ಹೋಗಿದ್ದೆ. ತಂಪು ಹವೆಯ ಸಭಾಂಗಣ, ಗೋಡೆ ತುಂಬ ರ‍್ಯಾಂಕು ಬಂದ ಮಕ್ಕಳ ಫೋಟೋ, ಕೊರಳಿಗೆ ಟೈ ಬಿಗಿದುಕೊಂಡ ಒಬ್ಬ ತರುಣ. ಅವನು ಮೈಕು ಹಿಡಿದು ‘ನಿಮ್ಮ ಮನಸ್ಸು ಏನು ಹೇಳುತ್ತದೋ ಅದನ್ನು ಕೇಳಿರಿ’ ಎಂದು ಮಕ್ಕಳಿಗೆ ಹೇಳಿದ. ಒಬ್ಬ ಹುಡುಗಿ ಎದ್ದು ತನಗೆ ಇತಿಹಾಸ ಇಷ್ಟ ಎಂದಳು. ‘ವೆರಿ ಗುಡ್, ನೀಟ್ ಬರೆದ ಮೇಲೆ ಹವ್ಯಾಸವಾಗಿ ಇಟ್ಟುಕೊಳ್ಳಬಹುದು’ ಎಂದ. ಮನಸ್ಸು ಏನು ಹೇಳಿದರೂ ಕೊನೆಗೆ ಅದು ಅವರದೇ ಕೋಚಿಂಗ್ ಕ್ಲಾಸಿನ ಬಾಗಿಲಿಗೆ ಬಂದು ನಿಲ್ಲುವ ವ್ಯವಸ್ಥೆ ಅಲ್ಲಿತ್ತು. ನಮ್ಮ ದೊಡ್ಡಪ್ಪನವರು ಕನಿಷ್ಠ ಚಹಾ ಕೊಡುತ್ತಿದ್ದರು.

ನಮ್ಮ ಮನೆಯ ಊಟದ ಪಂಕ್ತಿಯಲ್ಲೂ ಈ ಶಾಸ್ತ್ರ ಜಾರಿಯಲ್ಲಿತ್ತು. ಅಡುಗೆಮನೆಯಲ್ಲಿ ದೊಡ್ಡವ್ವ ಮೊಸರಿನ ಗಡಿಗೆಯನ್ನು ಮುಂದಿಟ್ಟುಕೊಂಡು ಕೂರುತ್ತಿದ್ದಳು. ಸಾಯನ್ಸ್ ಓದುವವರ ತಾಟಿಗೆ ಮೇಲಿನ ಕೆನೆಮೊಸರು, ಕಾಮರ್ಸಿನವರಿಗೆ ಅದರ ಕೆಳಗಿನದು, ಆರ್ಟ್ಸಿನವರಿಗೆ ಮಜ್ಜಿಗೆ. ನನ್ನ ಸಣ್ಣ ಕಾಕಾ ಬಿ.ಎ. ಮುಗಿಸುವವರೆಗೂ ಮಜ್ಜಿಗೆ ಕುಡಿದೇ ಬೆಳೆದ. ‘ಸಾಯನ್ಸಿಗೆ ತಲಿ ಬಿಸಿ ಆಗತೈತಿ, ತಂಪ ಬೇಕು’ ಎಂದು ದೊಡ್ಡವ್ವ ಕಾರಣ ಕೊಡುತ್ತಿದ್ದಳು. ಆರ್ಟ್ಸಿನವರ ತಲೆ ತಾನಾಗಿಯೇ ತಂಪಾಗಿರುತ್ತದೆಂದು ವೈದ್ಯಕೀಯ ನಂಬಿಕೆ. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಎಲ್ಲರಿಗೂ ಸಮ. ನಮ್ಮದು ಅಷ್ಟರಮಟ್ಟಿಗೆ ಧರ್ಮದ ಮನೆ.

ಹುಡುಗಿಯರ ವಿಷಯಕ್ಕೆ ಈ ಶಾಸ್ತ್ರವೂ ಬೇಕಿರಲಿಲ್ಲ. ಅದನ್ನು ಬಸ್ಸು ನೋಡಿಕೊಳ್ಳುತ್ತಿತ್ತು. ವಿಜಯಪುರದಲ್ಲಿ ಆರ್ಟ್ಸಿನ ಕ್ಲಾಸುಗಳು ಬೆಳಿಗ್ಗೆ ನಡೆಯುತ್ತಿದ್ದವು. ಮಧ್ಯಾಹ್ನದ ಬಸ್ಸಿಗೆ ಹುಡುಗಿ ತಿರುಗಿ ಬಂದರೆ ಸಂಜೆಯ ರೊಟ್ಟಿಗೆ ಕೈ ಸಿಗುತ್ತಿತ್ತು. ಸಾಯನ್ಸಿನವರಿಗೆ ಮಧ್ಯಾಹ್ನ ಪ್ರಾಕ್ಟಿಕಲ್ಲು. ಅದು ಮುಗಿಸಿ ಬಸ್ಸು ಹಿಡಿದರೆ ಟಿಕೋಟಾ ಮುಟ್ಟುವಾಗ ದೀಪ ಹಚ್ಚಿರುತ್ತಿದ್ದರು. ದೀಪ ಹಚ್ಚಿದ ಮೇಲೆ ಬಸ್ಸಿನಿಂದ ಇಳಿಯುವ ಹುಡುಗಿಯನ್ನು ಊರು ಎಣಿಸುತ್ತದೆ. ಆದ್ದರಿಂದ ನಮ್ಮ ಊರಿನ ಹೆಣ್ಣುಮಕ್ಕಳಲ್ಲಿ ತಲೆತಲಾಂತರದಿಂದ ಇತಿಹಾಸ, ಸಮಾಜಶಾಸ್ತ್ರಗಳ ಬಗ್ಗೆ ಅಪಾರ ಒಲವು ಕಂಡುಬರುತ್ತಿತ್ತು. ಯಾವನೋ ಪುಣ್ಯಾತ್ಮ ಎಲ್ಲೋ ಕುಳಿತು ಬಸ್ಸಿನ ಹೊತ್ತು ಗೊತ್ತು ಮಾಡಿದ್ದ. ಅದರ ಜೊತೆಗೆ ನಮ್ಮ ಪ್ರತಿಭೆಯೂ ಗೊತ್ತಾಗಿಹೋಗಿತ್ತು.

ನನಗೆ ಬಸ್ಸಿನ ಇಚ್ಛೆಗೆ ವಿರುದ್ಧವಾದ ಒಂದು ಆಸೆ ಹುಟ್ಟಿತ್ತು, ಅದೂ ನಮ್ಮ ದ್ರಾಕ್ಷಿಯ ಶೆಡ್ಡಿನಲ್ಲಿ. ಹಸಿ ದ್ರಾಕ್ಷಿಯನ್ನು ಸೋಡಾ, ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರವಿದರೆ ಅದು ಬಂಗಾರದ ಬಣ್ಣಕ್ಕೆ ಒಣಗುತ್ತದೆ. ಅದ್ದದೆ ಬಿಟ್ಟದ್ದು ಕಪ್ಪಗಾಗಿ ಮುದುಡುತ್ತದೆ. ಹೀಗೇಕೆ ಎಂದು ನಾನು ದೊಡ್ಡಪ್ಪನವರನ್ನು ಕೇಳಿದೆ. ‘ದ್ರಾಕ್ಷಿಗಿ ಯಾಕ ಅಂತ ಕೇಳಬಾರದಬೇ, ರೇಟ್ ಎಷ್ಟ ಅಂತ ಕೇಳಬೇಕು’ ಎಂದರು. ಶಾಲೆಯಲ್ಲಿ ವಿಜ್ಞಾನದ ಮಾಸ್ತರರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಚಾವಣಿ ನೋಡಿ, ‘ಅದಕ್ಕ ಕೆಮಿಸ್ಟ್ರಿ ಓದಬೇಕವಾ’ ಎಂದರು. ತಮಗೆ ಗೊತ್ತಿಲ್ಲ ಎನ್ನುವುದನ್ನು ಇಷ್ಟು ಉಪಕಾರವಾಗುವ ಹಾಗೆ ಹೇಳಿದವರನ್ನು ನಾನು ಮತ್ತೆ ಕಂಡಿಲ್ಲ. ಅಂದಿನಿಂದ ಕೆಮಿಸ್ಟ್ರಿ ಓದಬೇಕು ಎಂಬುದೊಂದೇ ನನ್ನ ತಲೆಯಲ್ಲಿ ಕುಳಿತಿತ್ತು.

ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ದಿನ ಮನೆಯ ಸಭೆ ಸೇರಿತು. ದೊಡ್ಡಪ್ಪನವರು ಗಾದಿಯ ಮೇಲೆ. ನಮ್ಮ ಅಪ್ಪ ಕಂಬಕ್ಕೆ ಒರಗಿ. ಅವನು ಎತ್ತುಗಳ ಜೊತೆ ಮಾತ್ರ ಮಾತಾಡುವ ಮನುಷ್ಯ, ಸಭೆಗೆ ಸುಮ್ಮನೆ ಕೋರಂ ತುಂಬಲು ಬರುತ್ತಿದ್ದ. ಅವ್ವ, ದೊಡ್ಡವ್ವ ಅಡುಗೆಮನೆಯ ಒಳಗೆ. ಹೊಸ್ತಿಲ ಮೇಲೆ ಆಯಿ, ಅಂದರೆ ನಮ್ಮ ಅಜ್ಜಿ; ಇಡೀ ತಾಲೂಕಿನಲ್ಲಿ ದೊಡ್ಡಪ್ಪನವರನ್ನು ‘ಬಸ್ಯಾ’ ಎಂದು ಕರೆಯುವ ಹಕ್ಕಿದ್ದ ಒಬ್ಬಳೇ ವ್ಯಕ್ತಿ. ವಿಚಾರಣೆಗೆ ನಿಂತವರು ಇಬ್ಬರು: ನಾನು, ಮತ್ತು ನನ್ನದೇ ತರಗತಿಯಲ್ಲಿ ಓದಿದ ದೊಡ್ಡಪ್ಪನವರ ಮಗ ಈರಣ್ಣ. ಈರಣ್ಣ ದಡ ಸೇರಿದ್ದ, ಆದರೆ ಮೈಯೆಲ್ಲ ಒದ್ದೆಯಾಗಿತ್ತು. ಅವನನ್ನು ಸಾಯನ್ಸಿಗೆ ಹಾಕುವುದೆಂದು ಅವನು ತೊಟ್ಟಿಲಲ್ಲಿದ್ದಾಗಲೇ ಠರಾವಾಗಿತ್ತು. ಕಾರಣ ಬಬಲೇಶ್ವರ. ದೊಡ್ಡವ್ವನ ತವರುಮನೆ ಅಲ್ಲಿ. ಅವಳ ಅಣ್ಣ ತನ್ನ ಮಗನನ್ನು ಡಾಕ್ಟರ್ ಮಾಡುವುದಾಗಿ ಆಗಲೇ ಸಾರಿದ್ದ, ಈಗ ಆ ಹುಡುಗ ಡಾಕ್ಟರಿಕೆ ಓದುತ್ತಿದ್ದ.

‘ನಂಗ ಸಾಯನ್ಸ್ ಬ್ಯಾಡರಿ,’ ಈರಣ್ಣ ನೆಲ ನೋಡುತ್ತ ಹೇಳಿದ. ‘ಐಟಿಐ ಹಚ್ರಿ. ಮೋಟಾರ ಕೆಲಸ ಕಲೀತೇನಿ.’

‘ಬಬಲೇಶ್ವರದವರ ಮುಂದ ನಾ ಏನ್ ಹೇಳಲಿ?’ ಎಂದರು ದೊಡ್ಡಪ್ಪನವರು. ‘ನಿಮ್ಮಂವ ಮಂದಿ ಎದಿ ಬಿಚ್ಚಿ ನೋಡತಾನ, ನಮ್ಮಂವ ಪಂಪ್ ಬಿಚ್ಚಿ ನೋಡತಾನ ಅಂತನ?’

ಈರಣ್ಣನ ವಾದ ಅಲ್ಲಿಗೆ ಮುಗಿಯಿತು. ಆಗ ನಾನು ಬಾಯಿ ತೆರೆದೆ. ‘ನನ್ನ ಹಚ್ರಿ ಸಾಯನ್ಸಿಗೆ.’ ಪಡಸಾಲೆಯಲ್ಲಿ ಒಂದು ದೊಡ್ಡ ನಗೆ ಎದ್ದಿತು. ದೊಡ್ಡಪ್ಪನವರ ಹೊಟ್ಟೆ ಕುಲುಕಿ ಲೋಡು ಜಾರಿತು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಬಸ್ಸಿನ ಶಾಸ್ತ್ರವನ್ನು ನನಗೆ ವಿವರಿಸಿದರು. ನಾನು ಅಳಲಿಲ್ಲ; ಅತ್ತರೆ ಮದುವೆಯ ಮಾತು ತೆಗೆಯುತ್ತಿದ್ದರು. ನನ್ನ ಅಂಕಗಳ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಹುಡುಗಿಗೆ ಹೆಚ್ಚು ಅಂಕ ಬರುವುದು ಹಿತ್ತಲ ಕುಂಬಳಬಳ್ಳಿಗೆ ಹೆಚ್ಚು ಕಾಯಿ ಬಂದ ಹಾಗೆ: ಸಂತೋಷವೇ, ಆದರೆ ಅಷ್ಟೊಂದು ತೆಗೆದುಕೊಂಡು ಏನು ಮಾಡುವುದು?

ಆಯಿ ಹೊಸ್ತಿಲ ಮೇಲಿಂದ, ಎಲೆ ಅಡಿಕೆ ಕುಟ್ಟುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದಳು:

‘ಬಸ್ಯಾ, ಈರ್ಯಾ ಒಬ್ಬನ ಹೋದ್ರ ಕಾಲೇಜಿಗಿ ಹೋಗತಾನೊ, ಟಾಕೀಜಿಗಿ ಹೋಗತಾನೊ?’

‘ಅದಕ್ಕೇನ್ ಮಾಡಬೇಕವಾ ಈಗ?’

‘ಇಕಿನ್ನ ಕೂಡ ಕಳಸು. ಅವನ ಮ್ಯಾಲ ಒಂದು ಕಣ್ಣ ಇರತೈತಿ. ಅಂವ ಬರಿಯೂದೂ ಇಕಿನ ಬರೀತಾಳ.’

ದೊಡ್ಡಪ್ಪನವರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು, ಅಥವಾ ಹಾಗೆ ಕಾಣುವಂತೆ ಕುಳಿತರು. ಕಣ್ಣು ತೆರೆದಾಗ ಆ ವಿಚಾರ ಅವರದೇ ಆಗಿತ್ತು. ಒಬ್ಬನೇ ಹುಡುಗ ಪೇಟೆಯಲ್ಲಿ ಕೆಡುತ್ತಾನೆ. ಜೊತೆಗೆ ತಂಗಿಯೊಬ್ಬಳಿದ್ದರೆ ಕೆಡುವುದಿಲ್ಲ. ಅಣ್ಣ ಜೊತೆಗಿದ್ದರೆ ದೀಪ ಹಚ್ಚಿದ ಮೇಲೆ ಇಳಿದ ಹುಡುಗಿಯನ್ನು ಊರೂ ಎಣಿಸುವುದಿಲ್ಲ. ಹೀಗೆ ನನ್ನ ಉನ್ನತ ಶಿಕ್ಷಣಕ್ಕೆ ಮಂಜೂರಾತಿ ದೊರೆಯಿತು. ಮೇಲೆ ಒಂದು ಷರತ್ತನ್ನೂ ವಿಧಿಸಿದರು.

‘ನೆನಪಿಡಬೇ. ಈರಣ್ಣ ಎಂದ ಬಿಡತಾನ, ಅಂದ ನೀನೂ ಬಿಡತಿ. ಹಗ್ಗ ಎತ್ತಿನ ಕೂಡ ಹೋಗತೈತಿ, ಎತ್ತಿನ ಕೂಡ ಬರತೈತಿ.’

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಅರೆಗಳಿಗೆ ನಿಂತಿತು. ಮತ್ತೆ ಶುರುವಾದಾಗ ಸಪ್ಪಳ ಜೋರಾಗಿತ್ತು.

ಹಗ್ಗವಾಗಿ ನಾನು ಒಂದು ವರ್ಷ ವಿಜಯಪುರಕ್ಕೆ ಹೋಗಿ ಬಂದೆ. ಮೊದಲ ಸಲ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಕೆಯಿಂದ ಹನಿ ಬಿದ್ದು ಬಣ್ಣವಿಲ್ಲದ ನೀರು ನಸುಗೆಂಪಾದಾಗ ನನಗೆ ಕೂಗಬೇಕೆನ್ನಿಸಿತು. ಪಕ್ಕದಲ್ಲಿ ನಿಂತಿದ್ದ ಈರಣ್ಣನಿಗೆ ಆಕಳಿಕೆ ಬಂದಿತ್ತು. ಎರಡು ತಿಂಗಳಲ್ಲಿ ಅವನು ಪ್ರಾಕ್ಟಿಕಲ್ಲಿನ ಹೊತ್ತಿಗೆ ಮಾಯವಾಗತೊಡಗಿದ. ಎಲ್ಲಿಗೆ ಎಂದು ಗಟ್ಟಿಯಾಗಿ ಕೇಳಿದ ಮೇಲೆ ಹೇಳಿದ: ವಿಜಯಪುರದ್ದೇ ಓಣಿಯಾದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಪಕ್ಕ, ರಸೂಲ ಚಾಚಾನ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪುಗಳ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಅಲ್ಲಿ ಅವನಿಗೆ ಆಕಳಿಕೆ ಬರುತ್ತಿರಲಿಲ್ಲವಂತೆ.

ಸಂಜೆ ಮನೆಗೆ ಬರುವಾಗ ಅವನ ಅಂಗಿಯಿಂದ ತಂತಿಗೆ ಬಳಿಯುವ ವಾರ್ನಿಶಿನ ಘಾಟು ಹೊಡೆಯುತ್ತಿತ್ತು. ಮೊದಲ ದಿನವೇ ದೊಡ್ಡಪ್ಪನವರು ಮೂಗು ಅರಳಿಸಿದರು.

‘ಏನಲೇ ಇದು ವಾಸನಿ?’

‘ಕೆಮಿಸ್ಟ್ರಿರಿ,’ ಎಂದ ಈರಣ್ಣ.

ದೊಡ್ಡಪ್ಪನವರು ಅವನ ತೋಳನ್ನು ಹಿಡಿದು ಇನ್ನೊಮ್ಮೆ ಮೂಸಿದರು. ಮುಖದಲ್ಲಿ ತೃಪ್ತಿ ಹರಡಿತು. ಮರುದಿನ ಕಟ್ಟೆಯ ಮೇಲೆ ಬಂದು ಕೂತವರಿಗೆಲ್ಲ, ‘ಸಾಯನ್ಸ್ ಅಂದ್ರ ಹುಡುಗಾಟಲ್ಲ, ಮೈಗೆಲ್ಲ ಹತ್ತತೈತಿ’ ಎಂದು ಹೇಳಿದರು. ಅವತ್ತು ರಾತ್ರಿ ಈರಣ್ಣನ ತಾಟಿಗೆ ಎರಡು ಸೌಟು ಕೆನೆ ಬಿತ್ತು. ಪ್ರಯೋಗಶಾಲೆಯಲ್ಲಿ ನಿಜವಾಗಿ ನಿಂತು ಬಂದ ನನ್ನ ಮೈಗೆ ವಾಸನೆ ಇರಲಿಲ್ಲ; ನನ್ನ ತಾಟಿಗೆ ಮಜ್ಜಿಗೆ ಬಿತ್ತು. ನಾನು ಸಾಯನ್ಸಿನವಳಲ್ಲವೇ ಎಂದರೆ ದೊಡ್ಡವ್ವ ‘ನೀ ಅವನ ಕೂಡ ಹೋಗಾಕಿ’ ಎಂದಳು. ನ್ಯಾಯವಾದ ಮಾತು.

ಈರಣ್ಣ ಕೆಟ್ಟವನಲ್ಲ. ಒಂದು ಸಂಜೆ ಬಸ್ಸಿನಲ್ಲಿ, ಹಿಂದಿನ ಸೀಟಿನ ಗದ್ದಲದ ನಡುವೆ, ಕಿಟಕಿಯ ಕಡೆ ಮುಖ ಮಾಡಿ ಹೇಳಿದ:

‘ನಾ ಬಿಟ್ರ ನೀನೂ ಬಿಡಬೇಕಾಗತೈತಿ, ನಂಗ ಗೊತ್ತೈತಿ ಕಸ್ತೂರಿ. ಅದಕ್ಕ ಬಾಯಿ ಮುಚಕೊಂಡು ಹೊಂಟೇನಿ. ಆದ್ರ ಪರೀಕ್ಷಾ ನನ್ನ ಕೈಯಾಗ ಇಲ್ಲ.’

‘ನಾ ಕಲಸತೇನಿ. ಬರೇ ಪಾಸ್ ಆದ್ರ ಸಾಕು.’

‘ಕಲಸು. ಕಲ್ಲಿಗಿ ನೀರ ಹಾಕಿದ್ರ ಒದ್ದಿ ಆಗತೈತಿ, ಚಿಗಿಯೂದಿಲ್ಲ.’

ಆದರೂ ಹಾಕಿದೆ. ಟಿಕೋಟಾದಿಂದ ವಿಜಯಪುರದವರೆಗೆ, ತಿರುಗಿ ವಿಜಯಪುರದಿಂದ ಟಿಕೋಟಾದವರೆಗೆ, ಕೋಳಿಬುಟ್ಟಿ, ಹಾಲಿನ ಕ್ಯಾನುಗಳ ನಡುವೆ ನಿಂತು ನಾನು ಅವನಿಗೆ ಸೂತ್ರ ಹೇಳಿದೆ. ನನ್ನ ಓದಿನ ಆಯುಷ್ಯ ಆ ತಲೆಯೊಳಗೆ ಎಷ್ಟು ಇಳಿಯುತ್ತದೋ ಅಷ್ಟೇ. ಅವನು ನಿಷ್ಠೆಯಿಂದ ಕೇಳುತ್ತಿದ್ದ, ನಿಷ್ಠೆಯಿಂದ ಮರೆಯುತ್ತಿದ್ದ. ಒಬ್ಬ ಹುಡುಗನಿಗೆ ಇಷ್ಟವಿಲ್ಲದ್ದನ್ನು ಕಲಿಸಿ, ಅದರಿಂದ ಇನ್ನೊಬ್ಬಳಿಗೆ ಇಷ್ಟವಾದದ್ದನ್ನು ಓದಲು ಅಪ್ಪಣೆ ಪಡೆಯುವ ಈ ವ್ಯವಸ್ಥೆಯನ್ನು ಕಂಡುಹಿಡಿದವರಿಗೆ ಯಾವ ವಿದ್ಯಾಪೀಠವೂ ಗೌರವ ಪದವಿ ಕೊಡದಿರುವುದು ನನಗೆ ಇಂದಿಗೂ ಆಶ್ಚರ್ಯ.

ಮೊದಲ ವರ್ಷದ ಫಲಿತಾಂಶವನ್ನು ಕಾಲೇಜಿನ ಹಲಗೆಗೆ ಅಂಟಿಸಿದ ದಿನ ನಾವು ಒಟ್ಟಿಗೇ ಹೋಗಿ, ಒಟ್ಟಿಗೇ ಬಂದೆವು. ಈರಣ್ಣ ಚಪ್ಪಲಿಯನ್ನೂ ಬಿಡದೆ, ಬಾಗಿಲಲ್ಲೇ ನಿಂತು ‘ನಾ ಫೇಲ್ ಆಗೇನಿ’ ಎಂದು ಘೋಷಿಸಿದ. ಜನ್ಮದಲ್ಲಿ ಮೊದಲ ಸಲ ಅವನ ದನಿಯಲ್ಲಿ ಅಂಜಿಕೆ ಇರಲಿಲ್ಲ. ದೊಡ್ಡವ್ವ ಅಡುಗೆಮನೆಯಲ್ಲಿ ತವರುಮನೆಯ ಒಬ್ಬೊಬ್ಬರ ಹೆಸರು ಹಿಡಿದು ಅಳತೊಡಗಿದಳು. ದೊಡ್ಡಪ್ಪನವರು ಗಾದಿಯ ಮೇಲೆ ಹೋಗಿ ಕುಳಿತು, ರುಮಾಲು ಸರಿಮಾಡಿಕೊಂಡು, ಸಭೆ ಕರೆದರು. ನಾನು ಕಂಬವನ್ನು ಹಿಡಿದು ನಿಂತೆ. ಕಂಬವನ್ನು ನಾನು ಹಿಡಿದಿದ್ದೆನೋ, ಅದು ನನ್ನನ್ನು ಹಿಡಿದಿತ್ತೋ.

‘ಮುಗೀತು,’ ದೊಡ್ಡಪ್ಪನವರು ಹೇಳಿದರು. ‘ಈರಣ್ಣ ಹೊಲಕ್ಕ. ಕಸ್ತೂರಿ ಮನ್ಯಾಗ. ಶ್ರಾವಣ ಕಳದ ಮ್ಯಾಲ ಇಕಿಗಿ ಗಂಡ ನೋಡೂಣು.’

ಅಪ್ಪ ಕೆಮ್ಮಿದ. ಅದು ಆ ವರ್ಷ ಸಭೆಯಲ್ಲಿ ಅವನು ಮಾಡಿದ ಏಕೈಕ ಭಾಷಣ. ಅದನ್ನು ಯಾರೂ ನಡಾವಳಿಗೆ ತೆಗೆದುಕೊಳ್ಳಲಿಲ್ಲ.

‘ನಾ ಹೊಲಕ್ಕ ಹೋಗೂದಿಲ್ಲ,’ ಎಂದ ಈರಣ್ಣ. ‘ನಾಳಿಂದ ಇಬ್ರಾಹಿಂಪುರಕ್ಕ ಹೋಗಾಂವ. ರಸೂಲ ಚಾಚಾನ ಅಂಗಡ್ಯಾಗ ಮೋಟಾರ ಸುತ್ತತೇನಿ. ವರ್ಷಾತು, ಅದನ್ನ ಮಾಡಾಕತ್ತೇನಿ.’

‘ವರ್ಷಾತು? ಮತ್ತ ಆ ವಾಸನಿ?’

‘ವಾರ್ನಿಶ್ ರಿ.’

ಊರಿಗೆಲ್ಲ ಆ ವಾಸನೆಯ ಮಹಿಮೆಯನ್ನು ಸಾರಿದ ದೊಡ್ಡಪ್ಪನವರು ಜಾರಿದ ಲೋಡನ್ನು ಬೆನ್ನಿಗೆ ಎಳೆದುಕೊಂಡರು. ಈರಣ್ಣ ಬಿಡಲಿಲ್ಲ, ನನ್ನ ಕಡೆ ನೋಡದೆಯೇ ಮುಂದುವರಿಸಿದ:

‘ಅದ ಬಸ್ಸಿಗಿ ಹೋಗಾಂವ, ಅದ ಬಸ್ಸಿಗಿ ಬರಾಂವ. ಕಸ್ತೂರಿ ಕೂಡ.’

‘ನೀ ಸಾಲಿ ಬಿಟ್ಟಿ ಅಂದ ಮ್ಯಾಲ ಅಕಿದೇನೈತಲೇ ಅಲ್ಲಿ?’

‘ಬಸ್ಯಾ,’ ಎಂದಳು ಆಯಿ ಹೊಸ್ತಿಲಿಂದ. ‘ಒಂದು ವರ್ಷ ಕಣ್ಣಿದ್ದಾಗನ ಇಂವ ಅಂಗಡಿ ಸೇರ್ಯಾನ. ಕಣ್ಣ ತಗದಿ ಅಂದ್ರ ಎಲ್ಲಿ ಸೇರತಾನೊ?’

‘ಬಬಲೇಶ್ವರದವರು ಕೇಳಿದ್ರ?’

‘ಹುಡುಗ ದಿನಾ ವಿಜಯಪುರಕ್ಕ ಹೋಗಿ ಬರಾಕತ್ತಾನ ಅನ್ನು. ಸುಳ್ಳೇನೈತಿ? ಅವರೇನು ಬಸ್ಸಿನ ಬೆನ್ನ ಹತ್ತಿ ಬರತಾರೇನ?’

ದೊಡ್ಡಪ್ಪನವರು ಮತ್ತೆ ಕಣ್ಣು ಮುಚ್ಚಿದರು. ಒಳಗೆ ಅಳು ನಿಂತಿತ್ತು, ದೊಡ್ಡವ್ವನೂ ಕಿವಿಗೊಟ್ಟಿದ್ದಳು. ಹೊರಗೆ ಕಟ್ಟೆಯ ಬಳಿ ಯಾರೋ ಮಗನನ್ನು ಕರೆತಂದು ‘ಸಾಹೇಬ್ರ ಅದಾರೇನ್ರಿ?’ ಎಂದು ಕೂಗುತ್ತಿದ್ದರು. ಇನ್ನೊಂದು ಭವಿಷ್ಯ ಚಪ್ಪಲಿ ಬಿಡುತ್ತಿತ್ತು. ಕಣ್ಣು ತೆರೆದು ತೀರ್ಪು ಕೊಟ್ಟರು:

‘ಕಸ್ತೂರಿ ಹೋಗಲಿ. ಈರಣ್ಣನ ಮ್ಯಾಲ ನಿಗಾ ಇಡಾಕ ಒಬ್ಬರು ಬೇಕ ಬೇಕು.’

ಹೀಗೆ ನಾನು ಎರಡನೆಯ ವರ್ಷದ ವಿಜ್ಞಾನಕ್ಕೆ ನೇಮಕಗೊಂಡೆ: ಕಾಲೇಜಿಗೆ ಹೋಗದ ಹುಡುಗನ ಕಾವಲಿಗೆ, ಕಾಲೇಜಿಗೆ ಹೋಗುವ ಹುಡುಗಿಯಾಗಿ. ಈ ಹುದ್ದೆ ಆ ಮೊದಲು ಇರಲಿಲ್ಲ, ಆಮೇಲೂ ಯಾರೂ ಅದನ್ನು ತುಂಬಲಿಲ್ಲ. ಅದರ ಬಲದಿಂದಲೇ ನಾನು ಮುಂದೆ ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯವರೆಗೆ ಹೋದೆ. ಆ ಸಂಜೆ ಮಾತ್ರ ಕಂಬದಿಂದ ಕೈ ಬಿಡಿಸಿಕೊಂಡರೆ ಸಾಕಾಗಿತ್ತು.

ದೊಡ್ಡಪ್ಪನವರು ಹೊರಗಿನವರನ್ನು ಕಾಣಲು ಎದ್ದರು. ಹೊಸ್ತಿಲು ದಾಟುವಾಗ ಏನೋ ಸಣ್ಣ ಸಾಮಾನು ಮರೆತವರಂತೆ ನಿಂತು, ಹಿಂತಿರುಗಿ ನನ್ನನ್ನು ನೋಡಿದರು.

‘ಅಲ್ಲಬೇ, ನೀ ಪಾಸ್ ಆಗೀಯಿಲ್ಲೊ?’

‘ಆಗೇನ್ರಿ,’ ಎಂದೆ.

‘ಹಾಂ, ಅದೂ ಬೇಕಾಗತೈತಿ,’ ಎಂದು ಚಪ್ಪಲಿ ಮೆಟ್ಟಿದರು.